ಅರ್ಧ ಇಂಚು ಕಡಿಮೆ ಬಂದ ಛತ್ತು

ಬೀದರ್‌ನ ಮೈಲೂರ ರಸ್ತೆಯ ಬದಿಗೆ ಒಂದು ಬೇವಿನ ಮರ. ಅದರ ಕೆಳಗೆ ನಾಲ್ಕು ಕಂಬಗಳ ಮೇಲೆ ತಗಡು ಹೊದಿಸಿದ ಜಾಗವೇ ವೈಜಿನಾಥನ ಅಂಗಡಿ. ಗುದ್ದಿ ನೆಗ್ಗಿದ ಗಾಡಿಗಳ ಮೈಯನ್ನು ಬಡಿದು ಸರಿ ಮಾಡುವುದು ಅವನ ಕಸುಬು. ಎಪ್ಪತ್ತೆರಡರ ಬರದಲ್ಲಿ ಆರು ವರ್ಷದ ಹುಡುಗನಾಗಿ, ಔರಾದ್ ಕಡೆಯ ಹಳ್ಳಿಯಿಂದ ತಾಯಿಯ ಸೆರಗು ಹಿಡಿದು ಬೀದರ್‌ಗೆ ನಡೆದು ಬಂದವನು. ಈಗ ಎರಡು ಸಾವಿರದ ಹದಿನಾರು. ಐವತ್ತು ತುಂಬಿದೆ, ಮತ್ತೆ ಬರ ಬಂದಿದೆ.

ಬರಗಾಲದಲ್ಲಿ ನೆಗ್ಗಿದ ಗಾಡಿಯನ್ನು ಯಾರೂ ರಿಪೇರಿಗೆ ತರುವುದಿಲ್ಲ. ಗಾಡಿ ಓಡಿದರೆ ಸಾಕು, ಮೈ ಹೇಗಿದ್ದರೇನು? ಫೆಬ್ರವರಿಯಿಂದ ವೈಜಿನಾಥನ ಮರದ ಕೆಳಗೆ ನೆರಳು ಮಾತ್ರ ಇತ್ತು. ಆದರೂ ಅವನು ಪ್ರತಿದಿನ ಸಂಜೆ ಸೈಕಲ್ ಹತ್ತಿ, ಮನೆಯ ದಾರಿ ಅಲ್ಲದಿದ್ದರೂ, ಕೊಳಾರದ ಕೈಗಾರಿಕಾ ಪ್ರದೇಶದ ಮುಂದೆ ಹಾದು ಬರುತ್ತಿದ್ದ. ಅಲ್ಲಿ ಮುರ್ತುಜಾನ ಶೆಡ್ ಇತ್ತು. ಶೆಡ್ಡಿನ ಮುಂದೆ ನಿಂತ ಗಾಡಿಗಳನ್ನು ವೈಜಿನಾಥ ಎಣಿಸುತ್ತಿದ್ದ. ಜನವರಿಯಲ್ಲಿ ಹನ್ನೊಂದು, ಮಾರ್ಚಿನಲ್ಲಿ ಒಂಬತ್ತು. ಏಪ್ರಿಲ್‌ನ ಒಂದು ಸಂಜೆ ಏಳು ಇದ್ದವು. ಅಂದು ಮನೆಗೆ ಬಂದು ಒಂದು ರೊಟ್ಟಿ ಹೆಚ್ಚು ತಿಂದ. ಮರುದಿನ ನೋಡಿದರೆ ಹತ್ತು ಇದ್ದವು.

ಹೆಂಡತಿ ಅಂಜನಾಬಾಯಿಗೆ ಇದೆಲ್ಲ ಗೊತ್ತಿತ್ತು. ಕೇಳದೆ ಬಿಡುವ ಹೆಂಗಸಲ್ಲ ಅವಳು.

“ಇವತ್ತ ಎಷ್ಟು ಗಾಡಿ ಇದ್ದವ್ರಿ?”

“ಯಾವ ಗಾಡಿ?”

“ಗೊತ್ತಿಲ್ಲದವರ ಹಂಗ ಕೇಳಬ್ಯಾಡ್ರಿ. ಮುರ್ತುಜಾ ಅಣ್ಣನ ಹೆಸರು ತಗೊಂಡ್ರ ಸಾಕು, ನಿಮ್ಮ ಮಾರಿ ಹುಣಸಿಕಾಯಿ ತಿಂದಂಗ ಆಗ್ತದ.”

ವೈಜಿನಾಥ ಮತ್ತು ಮುರ್ತುಜಾ ಒಬ್ಬನೇ ಗುರುವಿನ ಕೈಕೆಳಗೆ ಕಲಿತವರು. ಗುರುವಿನ ಹೆಸರು ಖಾಸಿಂ ಅಲಿ, ಊರಿಗೆಲ್ಲ ಉಸ್ತಾದ. ಇಬ್ಬರೂ ಹದಿನಾಲ್ಕನೆಯ ವಯಸ್ಸಿಗೆ, ಒಂದೇ ತಿಂಗಳಲ್ಲಿ ಅವರ ಬಳಿ ಸೇರಿದ್ದರು. ವೈಜಿನಾಥನದು ಎಚ್ಚರಿಕೆಯ ಕೈ. ಆರು ವರ್ಷದಲ್ಲಿ ಒಂದು ಪತ್ರಾವನ್ನೂ, ಅಂದರೆ ಗಾಡಿಯ ಮೈಗೆ ಹಾಕುವ ಉಕ್ಕಿನ ತಗಡನ್ನೂ, ತಪ್ಪಾಗಿ ಕತ್ತರಿಸಿದವನಲ್ಲ. ಮುರ್ತುಜಾ ಕೆಡಿಸುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಮತ್ತೆ ಮಾಡುತ್ತಿದ್ದ. ಹೀಗಿದ್ದೂ ಎಂಬತ್ತಮೂರರ ಮಳೆಗಾಲದಲ್ಲಿ ಉಸ್ತಾದ ಮುರ್ತುಜಾನೊಬ್ಬನನ್ನೇ ಅಂಗಡಿಯ ಹಿಂದೆ ಕರೆದುಕೊಂಡು ಹೋದರು. ಒಂದು ದಿನವಲ್ಲ, ಆರು ದಿನ, ದಿನಕ್ಕೊಂದು ತಾಸು. ವೈಜಿನಾಥನಿಗೆ ಅಂಗಡಿ ನೋಡಿಕೊಳ್ಳಲು ಹೇಳಿದರು. ಅವನು ತಗಡಿನ ಸಂದಿನಿಂದ ಇಣುಕಿ ನೋಡಿದ್ದ. ಇಬ್ಬರೂ ಬೆನ್ನು ಮಾಡಿ ಕುಳಿತಿದ್ದರು. ಎದುರಿಗೆ ಒಂದು ಬಕೆಟ್, ಅಳತೆಯ ಹುರಿ. ಉಸ್ತಾದರ ಕೈ ಮುರ್ತುಜಾನ ಹೆಗಲ ಮೇಲಿದ್ದಂತೆ ಕಂಡಿತು.

ಏನು ಹೇಳಿಕೊಟ್ಟರು ಎಂದು ಅವನು ಕೇಳಲಿಲ್ಲ. ಮುರ್ತುಜಾ ಹೇಳಲೂ ಇಲ್ಲ. ಉಸ್ತಾದ ತೀರಿಕೊಂಡಾಗ ಅವರ ಡಾಲಿ ಮುರ್ತುಜಾನಿಗೆ ಹೋಯಿತು. ಡಾಲಿ ಎಂದರೆ ಪತ್ರಾದ ಒಳಮೈಗೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ. ಹೊರಗಿನಿಂದ ಬೀಳುವ ಸುತ್ತಿಗೆಯ ಪೆಟ್ಟು ಅದಕ್ಕೆ ತಾಗಿ ಪತ್ರಾ ಸಮವಾಗುತ್ತದೆ. ಉಸ್ತಾದರದ್ದು ರೈಲು ಹಳಿಯ ತುಂಡಿನಿಂದ ಮಾಡಿದ್ದು. ನಲವತ್ತು ವರ್ಷ ಅಂಗೈಗೆ ಉಜ್ಜಿ ಕನ್ನಡಿಯಂತೆ ಆಗಿತ್ತು. ಆ ಆರು ದಿನ ಮತ್ತು ಆ ಡಾಲಿ, ಇವೆರಡೂ ಮೂವತ್ತು ವರ್ಷಗಳಿಂದ ವೈಜಿನಾಥನ ಹೊಟ್ಟೆಯಲ್ಲಿ ಕರಗದೆ ಕುಳಿತಿದ್ದವು.

ಏಪ್ರಿಲ್ ಕೊನೆಗೆ ಮುರ್ತುಜಾನೇ ಮರದ ಕೆಳಗೆ ಬಂದ. ಸ್ಟೂಲನ್ನು ಒರೆಸದೆ ಕುಳಿತ.

“ವೈಜ್ಯಾ, ಇಲ್ಲಿ ಕುಂತು ನೊಣ ಹೊಡೀಲತ್ತಿ. ನನ್ನ ಶೆಡ್ಡಿಗೆ ಬಾ. ಪಗಾರದ ಮ್ಯಾಲ.”

“ನಿನ್ನ ಕೈಕೆಳಗ?”

“ಕೈಕೆಳಗ, ಕೈಮ್ಯಾಗ, ಏನರೆ ಅನ್ಕೋ. ಜೂನ್ ಒಂದನೇ ತಾರೀಖಿನೊಳಗ ಹೇಳಿಬಿಡು. ಇಲ್ಲಂದ್ರ ಹೈದರಾಬಾದಿನಿಂದ ಒಬ್ಬವನ್ನ ಕರಸ್ತೇನಿ.”

ಅವನು ಹೋದ ಮೇಲೆ ಅಂಜನಾಬಾಯಿ ಒಂದೇ ಮಾತು ಹೇಳಿದಳು. “ಮಂದಿ ಮನಿಗೆ ಕೀಲಿ ಹಾಕಿ ಊರು ಬಿಡ್ಲತ್ತಾರ. ನಿಮಗ ಊರಾಗೇ ಕೆಲಸ ಸಿಗ್ಲತ್ತದ.” ವೈಜಿನಾಥ ಬೇರೆಯೇ ಯೋಚಿಸುತ್ತಿದ್ದ. ಒಂದು ದೊಡ್ಡ ಕೆಲಸ ಸಿಕ್ಕರೆ, ಅದನ್ನು ಊರು ನೋಡುವ ಹಾಗೆ ಒಬ್ಬನೇ ಮಾಡಿದರೆ, ಅಂಗಡಿಯ ಹೆಸರಿನ ಹಲಗೆ ಮರದ ಮೇಲೆ ಉಳಿಯುತ್ತದೆ. ಇಲ್ಲದಿದ್ದರೆ ಜೂನ್ ಒಂದರಿಂದ ಮುರ್ತುಜಾನಿಗೆ ‘ಹೂಂ ಭಾಯಿ’ ಅನ್ನಬೇಕು. ಅವನ ಲೆಕ್ಕ ಇಷ್ಟೇ.

ಮೇ ಐದಕ್ಕೆ ಆ ಕೆಲಸ ತಾನಾಗಿಯೇ ಬಂತು, ತಲೆ ಬಗ್ಗಿಸಿಕೊಂಡು. ಭಾಲ್ಕಿಯ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಶಿವರಾಜಪ್ಪನವರು ತಮ್ಮ ತಂದೆಯ ಕಾಲದ, ಅರವತ್ತೆರಡನೇ ಇಸವಿಯ ಫಿಯಾಟ್ ಕಾರನ್ನು ನಡೆಸಿಕೊಂಡು ಬಂದರು. ಕಾರಿನ ಛತ್ತು, ಎಂದರೆ ಮೇಲ್ಛಾವಣಿ, ಸ್ಟೇರಿಂಗಿನ ಹತ್ತಿರದವರೆಗೆ ಕುಸಿದಿತ್ತು.

“ಏನಾತ್ರಿ ಮಾಸ್ತರ?”

“ನಳ ಬಂದು ಹನ್ನೆರಡು ದಿನ ಆಗಿತ್ತು. ಹೊಲದ ಬೋರಿನಿಂದ ನೀರು ತರೋಣ ಅಂತ ಕ್ಯಾರಿಯರ್ ಮ್ಯಾಲ ಟಾಕಿ ಇಟ್ಟೆ. ಮುನ್ನೂರು ಲೀಟರಿಂದು. ಒಂದು ಲೀಟರ್ ನೀರು ಅಂದ್ರ ಒಂದು ಕಿಲೋ. ಇದನ್ನ ಇಪ್ಪತ್ತಾರು ವರ್ಷದಿಂದ ಹುಡುಗರಿಗೆ ನಾನೇ ಕಲಸ್ಲತ್ತೇನಿ.”

“ಇಲ್ಲೀತನಕ ಹಿಂಗೇ ಬಂದ್ರ್ಯಾ?”

“ನಲವತ್ತು ಕಿಲೋಮೀಟರ್. ದಾರಿ ತುಂಬ ಎಲ್ಲಾರಿಗೂ ನಮಸ್ಕಾರ ಮಾಡ್ಕೋತ ಬಂದಂಗಾತು.”

ವೈಜಿನಾಥ ಛತ್ತನ್ನು ಅಂಗೈಯಿಂದ ಮುಟ್ಟಿ ನೋಡಿದ. ಪತ್ರಾ ಎರಡು ಕಡೆ ಮಡಚಿ ಸೀಳಿತ್ತು. ಬಡಿದು ಏಳಿಸುವಂತಿರಲಿಲ್ಲ, ಬೇರೆಯದನ್ನೇ ಹಾಕಬೇಕು. ಆ ಕಾಲದ ಕಾರಿನ ಛತ್ತು ಅಂಗಡಿಯಲ್ಲಿ ಸಿಗುವುದಿಲ್ಲ. ಅದೇ ಜಾತಿಯ ಇನ್ನೊಂದು ಸತ್ತ ಕಾರಿನಿಂದ ಕತ್ತರಿಸಿ ತರಬೇಕು. ಅಂಥದ್ದು ಎಲ್ಲಿದೆ ಎಂಬುದು ಬೀದರ್ ಜಿಲ್ಲೆಯಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಅವನಿಗೆ ಖಾತ್ರಿ ಇತ್ತು. ಔರಾದಿನ ಅಂಚಿನಲ್ಲಿ, ಕುರಿ ಸಾಕುವ ಪುತಳಾಬಾಯಿಯ ಅಂಗಳದಲ್ಲಿ.

“ಮುರ್ತುಜಾನ ಹತ್ರ ಹೋಗಿದ್ರೇನ್ರಿ?” ಎಂದು ಕೇಳಿದ.

“ಇಲ್ಲ. ನಿನ್ನ ಮರ ಮೊದಲ ಸಿಕ್ಕಿತು.”

ಆ ಉತ್ತರ ವೈಜಿನಾಥನಿಗೆ ಪೂರ್ತಿ ಹಿಡಿಸಲಿಲ್ಲ. ಆದರೂ ಕೆಲಸ ಹಿಡಿದ.

ಮೊದಲು ಕಾರಿನೊಳಗೆ ಬಾಗಿಲ ಕಂಬದಿಂದ ಕಂಬಕ್ಕೆ ಅಡ್ಡಡ್ಡ ಕೊಳವೆ ಕಟ್ಟಿದ. ಛತ್ತು ತೆಗೆದ ಕಾರಿನ ಮೈ ಅಗಲವಾಗಿಬಿಡುತ್ತದೆ. ಬದಿಗಳಲ್ಲಿ ಮಳೆನೀರು ಹರಿಯುವ ಕಾಲುವೆಯಂಥ ಅಂಚಿನ ಉದ್ದಕ್ಕೂ, ಮುಂದಿನ ಗಾಜಿನ ಮೇಲ್ಗಡೆಯೂ, ಬೆಸುಗೆಯ ಚುಕ್ಕೆಗಳನ್ನು ಒಂದೊಂದಾಗಿ ಕೊರೆದು ಬಿಡಿಸಿದ. ಹಿಂದಿನ ಗಾಜಿನ ಕಡೆಗೆ ಪತ್ರಾ ಗಟ್ಟಿಯಾಗಿತ್ತು. ಅಲ್ಲಿ ಒಂದೂವರೆ ಗೇಣು ಬಿಟ್ಟು ಅಡ್ಡ ಕತ್ತರಿಸಿದ. ಹೀಗಾಗಿ ಅಗಲದ ಚಿಂತೆ ಇರಲಿಲ್ಲ. ಬೇಕಾದದ್ದು ಉದ್ದದ ಅಳತೆ ಮಾತ್ರ, ಮುಂದಿನ ಅಂಚಿನಿಂದ ಹಿಂದಿನ ಕತ್ತರಿಯವರೆಗೆ.

ಅಳತೆಗೆ ಉಸ್ತಾದ ಟೇಪು ಬಳಸುತ್ತಿರಲಿಲ್ಲ. ಛತ್ತು ಎರಡೂ ಕಡೆಗೆ ಬಾಗಿದ್ದು. ಟೇಪು ಅದರ ಮೇಲೆ ಜಾರುತ್ತದೆ, ನೂಲಿನ ಹುರಿ ಮೈಗೆ ಒಪ್ಪಿ ಮಲಗುತ್ತದೆ. ವೈಜಿನಾಥನೂ ಹುರಿಯನ್ನೇ ಇಟ್ಟು ನಡುವೆ, ಎಡಕ್ಕೆ, ಬಲಕ್ಕೆ ಅಳೆದು, ಮೂರು ಹುರಿಗಳಿಗೂ ಗಂಟು ಹಾಕಿದ. ನಡುವಿನದು ನಾಲ್ಕು ಅಡಿಗೆ ಸ್ವಲ್ಪ ಹೆಚ್ಚು ಬಂತು.

ಮರುದಿನ ಬೆಳಿಗ್ಗೆ ಔರಾದಿನ ಬಸ್ಸು ಹತ್ತಿದ. ಅಂಜನಾಬಾಯಿ ನೀರಿನ ಬಾಟಲಿಗೆ ಒದ್ದೆ ಅರಿವೆ ಸುತ್ತಿ ಚೀಲದಲ್ಲಿಟ್ಟಿದ್ದಳು. ಆ ಬೇಸಿಗೆಯಲ್ಲಿ ಹಾಗೆ ಮಾಡದ ಮನೆ ಇರಲಿಲ್ಲ. ಮಧ್ಯಾಹ್ನದವರೆಗೆ ನೀರು ತಣ್ಣಗಿರುತ್ತಿತ್ತು. ಮೂರು ಹುರಿಗಳೂ ಅದೇ ಚೀಲದಲ್ಲಿದ್ದವು.

ಪುತಳಾಬಾಯಿಯ ಅಂಗಳದ ಕಾರಿಗೆ ಗಾಲಿ ಇರಲಿಲ್ಲ, ಎಂಜಿನ್ ಇರಲಿಲ್ಲ. ಒಳಗೆ ಆರು ಕುರಿಮರಿಗಳು ಇದ್ದವು. ಅವುಗಳ ಗಂಜಲದಿಂದ ತಳ ತುಕ್ಕು ತಿಂದು ಹೋಗಿತ್ತು. ಛತ್ತಿನ ಮೇಲೆ ಮಾತ್ರ ಮೂರು ವರ್ಷದಿಂದ ಮಳೆ ಬಿದ್ದಿರಲಿಲ್ಲ. ಬಣ್ಣ ಸುಟ್ಟಿತ್ತು, ಪತ್ರಾ ಹೊಸದರಂತೆ ಉಳಿದಿತ್ತು.

“ಛತ್ತು ಒಯ್ದ್ರ ನನ್ನ ಮರಿಗೋಳಿಗೆ ಬಿಸಿಲು ಬಡೀತದಲ್ಲೋ ತಮ್ಮಾ” ಎಂದಳು ಆಕೆ.

“ಅದಕ್ಕಂತೇ ಬಸ್ಸಿನ ಮ್ಯಾಲ ಹಾಕ್ಕೊಂಡು ನಾಕು ತಗಡು ತಂದೇನಿ ಯಕ್ಕಾ. ನಾನೇ ಹೊದಿಸಿ ಹೋಗ್ತೇನಿ.”

“ಅಮಾಸಿ ಆದ ಮ್ಯಾಲ ಕುರಿ ಹೊಡ್ಕೊಂಡು ನಾವೂ ತೆಲಂಗಾಣದ ಕಡಿ ಹೋಗೋರು. ಮರಿಗೋಳು ನಡೆಯೋ ಹಂಗ ಆಗೂತನಕ ನೆಳ್ಳು ಬೇಕು, ಅಷ್ಟೇ.”

ವೈಜಿನಾಥ ಮರಿಗಳನ್ನು ಇಳಿಸಿ ಬೆಸುಗೆ ಬಿಡಿಸಿದ. ಹುರಿ ಹಾಸಿ ಗೆರೆ ಎಳೆದ. ಇಂಥ ಕಡೆ ಗೆರೆಗಿಂತ ಎರಡು ಬೆರಳು ಹೆಚ್ಚು ಬಿಟ್ಟು ಕತ್ತರಿಸಬೇಕು, ಆಮೇಲೆ ಕಾರಿನ ಮೇಲೆ ಕೂಡಿಸಿ ಸವರಬೇಕು ಎಂಬುದು ಉಸ್ತಾದರ ಪಾಠ. ಆ ಎರಡು ಬೆರಳು ಬಾಗಿದ ಪತ್ರಾವನ್ನು ಕೈಯಿಂದ ಸವರಲು ಅವನಿಗೆ ಒಂದು ದಿನ ಬೇಕು. ಮುರ್ತುಜಾನ ಮಷಿನ್ನಿಗೆ ಅರ್ಧ ತಾಸು. ಕಟ್ಟರ್ ಹಿಡಿದು ನಿಂತಾಗ ವೈಜಿನಾಥನ ತಲೆಯಲ್ಲಿ ಛತ್ತು ಇರಲಿಲ್ಲ, ಮುರ್ತುಜಾ ಇದ್ದ. ಸವರದೆ ಒಂದೇ ಸಲಕ್ಕೆ ಕೂಡಿಸಿದ ಛತ್ತು. ಊರವರು ಹಾಗೆ ಹೇಳುವುದು ಅವನ ಕಿವಿಗೆ ಆಗಲೇ ಬೀಳುತ್ತಿತ್ತು. ಗೆರೆಯ ಮೇಲೆಯೇ ಕತ್ತರಿಸಿದ.

ಬೀದರ್ ಸ್ಟೇಷನ್ನಿಗೆ ಹೊರಟ ಒಂದು ಟೆಂಪೋ ಸಿಕ್ಕಿತು. ಅದರ ತುಂಬ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ ಹೊರಟ ಜನ. ಛತ್ತನ್ನು ಮೇಲೆ ಅಡ್ಡ ಹಾಕಿ ಬಿಗಿದರು. ಬೀದರ್ ಬರುವವರೆಗೆ ಅದು ಹದಿನಾಲ್ಕು ಮಂದಿಗೆ ನೆರಳಾಯಿತು.

ಮರದ ಕೆಳಗೆ ಛತ್ತು ಕೂಡಿಸಿ ನೋಡಿದಾಗ ಬದಿಗಳು ಒಪ್ಪಿದವು, ಮುಂದೆ ಒಪ್ಪಿತು. ಹಿಂದೆ, ಈ ಕೊನೆಯಿಂದ ಆ ಕೊನೆಯವರೆಗೆ, ಅರ್ಧ ಇಂಚಿನ ಸಂದು ಉಳಿಯಿತು. ವೈಜಿನಾಥ ಅದರಲ್ಲಿ ಬೆರಳು ತೂರಿಸಿ ಉದ್ದಕ್ಕೂ ಎಳೆದು ನೋಡಿದ. ಹುರಿ ತೆಗೆದು ಕಾರಿನ ಮೇಲೆ ಹಿಡಿದ, ಸರಿ ಇತ್ತು. ತಂದ ಛತ್ತಿನ ಮೇಲೆ ಹಿಡಿದ. ಹುರಿ ಅರ್ಧ ಇಂಚು ಹೊರಗೆ ಉಳಿಯಿತು. ತನ್ನ ಕೈಯಿಂದ, ತನ್ನ ಗಂಟಿನಿಂದ ಅಳೆದದ್ದು. ಮೂವತ್ತಾರು ವರ್ಷದಲ್ಲಿ ಹೀಗಾದದ್ದಿಲ್ಲ.

ಶನಿವಾರ ನೋಡಲು ಬಂದ ಶಿವರಾಜಪ್ಪನವರಿಗೆ, “ಬಿಸಿಲಿಗೆ ಪತ್ರಾ ಹಿಗ್ಗಿತ್ತು ಕಾಣ್ತದ್ರಿ, ಇಲ್ಲಿ ನೆರಳಿಗೆ ಕುಗ್ಗೇದ” ಎಂದ.

ಮಾಸ್ತರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಲೆಕ್ಕ ಮಾಡಿದರು. “ಬಿಸಿಲಿಗೂ ನೆರಳಿಗೂ ಮೂವತ್ತು ಡಿಗ್ರಿ ಫರಕು ಅಂತ ಹಿಡಿ. ಇಷ್ಟುದ್ದದ ಉಕ್ಕು ಕುಗ್ಗೋದು ಅರ್ಧ ಮಿಲಿಮೀಟರಿಗಿಂತ ಕಡಿಮಿ. ನಿನ್ನ ಸಂದು ಹನ್ನೆರಡು ಮಿಲಿಮೀಟರ್ ಅದ. ಬಿಸಿಲಿಂದು ತಪ್ಪಿಲ್ಲ, ವೈಜಿನಾಥ.”

ಬೈಯದೆ ಹೇಳಿದ್ದರಿಂದ ಅದು ಇನ್ನಷ್ಟು ನಾಟಿತು. ಮೂರು ದಿನ ಅವನು ಅಂಗಡಿಯ ಮುಂದೆ ಪರದೆ ಕಟ್ಟಿಕೊಂಡು ಕುಳಿತ. ಕೊಳಾರದ ದಾರಿ ಬಿಟ್ಟ. ಎಣಿಸುವ ಮನಸ್ಸೂ ಇರಲಿಲ್ಲ.

ನಾಲ್ಕನೆಯ ದಿನ ಅಂಜನಾಬಾಯಿ ಕೊಡ ಇಳಿಸಿ ಎದುರಿಗೆ ನಿಂತಳು. “ಮುರ್ತುಜಾ ಅಣ್ಣಗ ಹೋಗಿ ಕೇಳ್ರಿ. ಅವರು ನಗ್ತಾರ, ನಗಲಿ. ನಗೋದು ಒಂದ್ ದಿನ. ಆ ಕಾರು ಹಿಂಗ ಬಾಯಿ ತೆಕ್ಕೊಂಡು ಇಲ್ಲೇ ನಿಂತ್ರ ಮಂದಿ ವರ್ಷಗಟ್ಲೆ ನಗ್ತಾರ.”

ಹುರಿಗಳನ್ನು ಜೇಬಿಗೆ ಹಾಕಿಕೊಂಡು ವೈಜಿನಾಥ ಕೊಳಾರಕ್ಕೆ ಹೋದ. ಮುರ್ತುಜಾ ಚಹಾ ಕುಡಿಯುತ್ತಿದ್ದ. ಎಲ್ಲವನ್ನೂ ಕೇಳಿದ, ನಗಲಿಲ್ಲ. ಹುರಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ.

“ಔರಾದಿಗೆ ಹ್ಯಾಂಗ ಒಯ್ದಿ?”

“ಚೀಲದಾಗ.”

“ಚೀಲದಾಗ ಮತ್ತೇನಿತ್ತು?”

“ರೊಟ್ಟಿ. ನೀರಿನ ಬಾಟ್ಲಿ.”

“ಬಾಟ್ಲಿಗೆ ಅರಿವಿ ಸುತ್ತಿತ್ತೇನು?”

ವೈಜಿನಾಥ ತಲೆ ಆಡಿಸಿದ. ಮುರ್ತುಜಾ ಮೇಜಿನ ಮೇಲಿನ ಸ್ಟೀಲಿನ ಅಳತೆಪಟ್ಟಿಯ ಪಕ್ಕಕ್ಕೆ ಹುರಿ ಹಾಸಿ ಗಂಟು ಎಲ್ಲಿ ಬಂತೆಂದು ತೋರಿಸಿದ. ಆಮೇಲೆ ಹುರಿಯನ್ನು ಕುಡಿಯುವ ನೀರಿನ ಲೋಟದಲ್ಲಿ ಅದ್ದಿ, ಹಿಂಡಿ, ಮತ್ತೆ ಹಾಸಿದ. ಗಂಟು ಅರ್ಧ ಇಂಚು ಹಿಂದೆ ಬಂದಿತ್ತು.

“ಹೊಸೆದ ನೂಲು. ನೀರು ಕುಡಿದ್ರ ದಪ್ಪ ಆಗ್ತದ, ಉದ್ದ ಕಡಿಮಿ ಆಗ್ತದ. ಒಣಗಿದ್ರ ಏನೂ ಆಗಿಲ್ಲ ಅನ್ನೋರ ಹಂಗ ಮತ್ತ ಮೊದಲಿನಂಗ. ಉಸ್ತಾದ ಇದನ್ನೇ ಆರು ದಿನ ಮಾಡಿಸಿದ್ರಲ್ಲ.”

“ಯಾವ ಆರು ದಿನ?” ವೈಜಿನಾಥ ಕೇಳಿದ.

“ಅದೇ, ಅಂಗಡಿ ಹಿಂದ. ಮಳಿಯಾಗ ತೊಯ್ದ ಹುರಿ ಹಚ್ಚಿ ನಾ ಟ್ಯಾಕ್ಸಿ ಬಾಗಿಲದ ಪತ್ರಾ ಹಾಳು ಮಾಡಿದ್ದಿಲ್ಲೇನು? ಬಕೆಟ್‌ನಾಗ ಅದ್ದು, ಅಳಿ. ಒಣಗಿಸು, ಅಳಿ. ಆರು ದಿನ ಕಿವಿ ಹಿಡದು ಕುಂಡ್ರಿಸಿದ್ರು. ಈ ಕಿವಿ ಇನ್ನಾ ಉದ್ದ ಅದ ನೋಡು.”

ಹೆಗಲ ಮೇಲಿನ ಕೈ ಅಲ್ಲ ಅದು, ಕಿವಿಯ ಮೇಲಿನದು. ಮೂವತ್ತಮೂರು ವರ್ಷ ಗುಟ್ಟೆಂದು ತಿಳಿದದ್ದು ಒಂದು ಶಿಕ್ಷೆ. ವೈಜಿನಾಥ ಎಂದೂ ತಪ್ಪಲಿಲ್ಲ, ಆದ್ದರಿಂದ ಅವನಿಗೆ ಆ ಪಾಠ ಸಿಗಲಿಲ್ಲ. ಇದರಿಂದ ಅವನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಉಸ್ತಾದ ಆರು ದಿನ ಒಂದೊಂದು ತಾಸು ತನ್ನ ಕಿವಿ ಹಿಡಿದು ಕೂರಲಿಲ್ಲವಲ್ಲ ಎಂದು, ಚಹಾದ ಲೋಟದ ಮುಂದೆ ನಿಂತು, ಐವತ್ತರ ಆ ಮನುಷ್ಯನಿಗೆ ಹೊಸದಾಗಿ ಹೊಟ್ಟೆಕಿಚ್ಚಾಯಿತು.

“ಈಗ ಏನು ಮಾಡೂದು?” ಎಂದ.

“ಅರ್ಧ ಇಂಚಿನ ಪಟ್ಟಿ ತುಂಬಬ್ಯಾಡ. ಎರಡು ಬೆಸುಗಿ ಮೈಗೆ ಮೈ ಹತ್ತಿದ್ರ ಪತ್ರಾ ಕಾವಿಗೆ ನೀರಿನ ಅಲಿಯಂಗ ಏಳ್ತದ. ಔರಾದಿನ ಕಾರಿನಾಗ ಹಿಂದಿನ ತುಂಡು ಉಳಿದದಲ್ಲ, ಅದರಿಂದ ಒಂದು ಗೇಣು ಅಗಲ ತಗೊಂಡು ಬಾ. ಕಾರಿನ ಹಿಂದಿನ ಅಂಚು ಅದಕ್ಕಿಂತ ಅರ್ಧ ಇಂಚು ಕಡಿಮಿ ಹಿಂದಕ ಕತ್ತರಿಸು. ಎರಡು ಬೆಸುಗಿ ದೂರ ದೂರ ಬೀಳ್ತಾವ.” ಹುರಿಯನ್ನು ಅವನ ಕೈಗೆ ಕೊಡುತ್ತ ಅಂದ, “ಈ ಸಲ ಎರಡು ಬೆರಳು ಹೆಚ್ಚಿಗಿ ಬಿಡು. ಒಳಗ ಡಾಲಿ ಹಿಡೀಲಿಕ್ಕೆ ನಾ ಬರ್ತೇನಿ.”

ಅಮಾವಾಸ್ಯೆ ದಾಟಿತ್ತು. ವೈಜಿನಾಥ ಔರಾದಿಗೆ ಹೋದಾಗ ಪುತಳಾಬಾಯಿಯ ಮನೆಗೆ ಕೀಲಿ ಬಿದ್ದಿತ್ತು, ಅಂಗಳದಲ್ಲಿ ಕುರಿ ಇರಲಿಲ್ಲ. ಕಾರು ಇತ್ತು. ಅವನು ಹೊದಿಸಿದ್ದ ನಾಲ್ಕು ತಗಡುಗಳನ್ನು ಬಿಚ್ಚಿ, ಜೋಡಿಸಿ, ಗಾಳಿಗೆ ಹಾರದಂತೆ ಮೇಲೆ ಕಲ್ಲು ಹೇರಿ ಇಟ್ಟು ಹೋಗಿದ್ದಳು. ಅವನು ಬೇಕಾದ ತುಂಡು ಕತ್ತರಿಸಿಕೊಂಡು, ಆ ಕಲ್ಲುಗಳನ್ನು ಇನ್ನೊಮ್ಮೆ ಒತ್ತಿ ಭದ್ರ ಮಾಡಿ ಬಂದ.

ಎರಡು ದಿನ ಇಬ್ಬರೂ ಮರದ ಕೆಳಗೆ ದುಡಿದರು. ಬೆಸುಗೆಯ ಕಾವು ಹರಡಿ ಪತ್ರಾ ಸೊಟ್ಟಗಾಗದಂತೆ ಎರಡೂ ಬದಿಗೆ ಒದ್ದೆ ಅರಿವೆ ಹಾಸಬೇಕು. ಟ್ಯಾಂಕರಿನ ಸರದಿಯಲ್ಲಿ ನಿಂತು ತಂದ ನೀರಿನಲ್ಲಿ ಅಂಜನಾಬಾಯಿ ದಿನಕ್ಕೆ ಎರಡು ಬಕೆಟ್ ಕೊಟ್ಟಳು. “ಮೊದಲು ನೀರಿನಿಂದ ಕೆಡಸಿದ್ರಿ, ಈಗ ನೀರಿನಿಂದ ನೆಟ್ಟಗ ಮಾಡ್ಲತ್ತೀರಿ. ಸ್ನಾನಕ್ಕ ಮಾತ್ರ ಕೇಳಬ್ಯಾಡ್ರಿ” ಎಂದಳು.

ಮೊದಲ ಬೆಸುಗೆಗೆ ಮುರ್ತುಜಾ ಕಾರಿನೊಳಗೆ ಅಂಗಾತ ಮಲಗಿ ಡಾಲಿ ಹಿಡಿದ, ವೈಜಿನಾಥ ಮೇಲಿನಿಂದ ಸುತ್ತಿಗೆ ಹೊಡೆದ. ಎರಡು ಅಂಗುಲ ಬೆಸೆಯುವುದು, ಕಾವು ಇರುವಾಗಲೇ ಬಡಿಯುವುದು, ಆಚೆ ಕೊನೆಗೆ ಹೋಗಿ ಮತ್ತೆರಡು ಅಂಗುಲ. ಡಾಲಿ ಸರಿಯಾಗಿ ಕೂತಲ್ಲಿ ಪೆಟ್ಟು ಗಟ್ಟಿ ದನಿ ಕೊಡುತ್ತದೆ, ತಪ್ಪಿದಲ್ಲಿ ಡಬ್ಬಿಯಂತೆ ಟೊಳ್ಳು. ಮಾತು ಬೇಕಾಗಲಿಲ್ಲ. ಎರಡನೆಯ ದಿನ, ಎರಡನೆಯ ಬೆಸುಗೆಗೆ, ಮುರ್ತುಜಾ, “ನನ್ನ ಬೆನ್ನು ಹೋತು, ಇವತ್ತ ನೀ ಒಳಗ ಹೋಗು” ಎಂದು ಉಸ್ತಾದರ ಡಾಲಿಯನ್ನು ಅವನ ಕೈಗಿಟ್ಟ. ಆ ಕಬ್ಬಿಣ ವೈಜಿನಾಥನ ಅಂಗೈಗೆ ಬಂದದ್ದು ಅದೇ ಮೊದಲು. ನೋಡಿದಾಗ ಭಾರವೆನಿಸುತ್ತಿದ್ದದ್ದು, ಹಿಡಿದಾಗ ತೂಕವೇ ಇಲ್ಲದಂತೆ ಬೆರಳಿನೊಳಗೆ ಕುಳಿತಿತು.

ಮೇ ಇಪ್ಪತ್ತೆಂಟಕ್ಕೆ ಶಿವರಾಜಪ್ಪನವರು ಬಂದರು. ಇನ್ನೂ ಬಣ್ಣ ಬಳಿದಿರಲಿಲ್ಲ. ಕಣ್ಣು ಮುಚ್ಚಿ ಛತ್ತಿನ ಮೇಲೆ ಮುಂದಿನಿಂದ ಹಿಂದಕ್ಕೆ ಅಂಗೈ ಎಳೆದರು. ಒಂದು ಕಡೆ ಕೈ ನಿಂತಿತು.

“ಇಲ್ಲೊಂದು ಬೆಸುಗಿ ಅದ. ಸಣ್ಣ ದಿಣ್ಣಿ ಹತ್ತಿತು. ಎರಡನೇದು ಎಲ್ಲದ? ನನಗ ಸಿಗಲಿಲ್ಲ.”

ಸಿಕ್ಕಿದ್ದು ವೈಜಿನಾಥನ ಸುತ್ತಿಗೆಯದು. ಸುಮ್ಮನಿದ್ದರೆ ಮಾಸ್ತರಿಗೆ ಎರಡೂ ಅವನದೇ. ಮುರ್ತುಜಾ ಮರಕ್ಕೆ ಒರಗಿ ಉಗುರು ನೋಡಿಕೊಳ್ಳುತ್ತಿದ್ದ.

“ಸಿಗಲಾರದ್ದು ಇವಂದ್ರಿ” ಎಂದ ವೈಜಿನಾಥ. “ಹತ್ತಿದ್ದು ನಂದು.”

“ಹಂಗಲ್ರಿ ಮಾಸ್ತರ” ಮುರ್ತುಜಾ ಅಂದ, “ಸುತ್ತಿಗಿದು ಬರೇ ಸಪ್ಪಳ. ಕೆಲಸ ಒಳಗಿನ ಡಾಲಿದು. ಅಂದ್ರ ದಿಣ್ಣಿ ನಂದು, ನುಣ್ಣಗ ಬಂದದ್ದು ಇವಂದು.”

ಅವನು ನಿಜ ಹೇಳಿದನೋ, ಚೇಷ್ಟೆ ಮಾಡಿದನೋ, ವೈಜಿನಾಥನಿಗೆ ತಿಳಿಯಲಿಲ್ಲ. ಕಸುಬಿನ ಲೆಕ್ಕದಲ್ಲಿ ಇಬ್ಬರ ಮಾತೂ ಸರಿಯಾಗಿತ್ತು. ಮಾಸ್ತರು ನಕ್ಕು, “ಭಾಲ್ಕಿಯೊಳಗ ನನ್ನ ಗೆಳೆಯಂದೊಂದು ಹಳೇ ಕಾರದ. ನೀವು ಇಬ್ಬರೂ ಕೂಡಿ ಮಾಡ್ತೀರಿ ಅಂದ್ರ ಹೇಳ್ತೇನಿ” ಎಂದು, ತಲೆ ಎತ್ತಿ ಕಾರು ನಡೆಸಿಕೊಂಡು ಹೋದರು.

ಸಂಜೆ ಸಾಮಾನು ಎತ್ತಿಡುವಾಗ ಉಸ್ತಾದರ ಡಾಲಿ ಬಕೆಟ್ಟಿನ ಹಿಂದೆ ಉಳಿದದ್ದು ಕಂಡಿತು. ಮುರ್ತುಜಾ ಮರೆತು ಹೋಗಿದ್ದ. ವೈಜಿನಾಥ ಅದನ್ನು ಮನೆಗೆ ತಂದ. ಮರುದಿನ ಕೊಡಬಹುದಿತ್ತು, ಕೊಡಲಿಲ್ಲ. ಊಟ ಮಾಡುವಾಗ ಪಕ್ಕಕ್ಕೆ ಇಟ್ಟುಕೊಂಡ. ಅಂಜನಾಬಾಯಿ ನೋಡಿದಳು, ಈ ಸಲ ಏನೂ ಕೇಳಲಿಲ್ಲ.

ಮೇ ಮೂವತ್ತೊಂದರ ಸಂಜೆ ಕೊಳಾರಕ್ಕೆ ಹೋಗಿ ಅದನ್ನು ಮುರ್ತುಜಾನ ಮೇಜಿನ ಮೇಲಿಟ್ಟ.

“ಮೂರು ದಿನ” ಎಂದ ಮುರ್ತುಜಾ. “ನಾ ನಾಕು ಅಂತ ತಿಳಕೊಂಡಿದ್ದೆ.”

ವೈಜಿನಾಥ ನಗಲಿಲ್ಲ, ತುಟಿಯ ಅಂಚು ಮಾತ್ರ ಸ್ವಲ್ಪ ಅಲುಗಿತು.

“ನಾಳಿ ಒಂದನೇ ತಾರೀಖು. ಬರ್ತಿ ಏನು?”

“ಬರಂಗಿಲ್ಲ. ಹೈದರಾಬಾದಿನವನ್ನ ಕರಸು.” ಡಾಲಿಯ ಮೇಲಿನ ಕೈ ತೆಗೆಯುತ್ತ ಹೇಳಿದ, “ಭಾಲ್ಕಿ ಕಾರು ಬಂದ್ರ ನೀ ಮರದ ಕೆಳಗ ಬಾ. ಒಳಗ ಹಿಡೀಲಿಕ್ಕೆ ಒಬ್ಬವ ಬೇಕಾಗ್ತಾನ.”

“ನೀ ಒಳಗ, ನಾ ಹೊರಗ” ಎಂದ ಮುರ್ತುಜಾ.

“ಅದನ್ನ ಅಲ್ಲಿ ನೋಡೂಣು.”

ಹೊರಗೆ ಬಂದು ಸೈಕಲ್ ಹತ್ತಿದ. ಹತ್ತುವ ಮೊದಲು ಶೆಡ್ಡಿನ ಮುಂದಿನ ಗಾಡಿಗಳನ್ನು ಎಣಿಸಿದ. ಒಂಬತ್ತು ಇದ್ದವು.